ಸಿ3, ಸಿ4 ಟೆಸ್ಟ್ ಬರೆದುಕೊಟ್ಟಿದ್ದಾರೆಯೇ? ರಕ್ತ ಕೊಡುವುದರಿಂದ ರಿಪೋರ್ಟ್ ಓದುವವರೆಗೆ

ಡಾಕ್ಟರ ಚೀಟಿಯಲ್ಲಿ ಶುಗರ್, ಕ್ರಿಯಾಟಿನಿನ್, ಥೈರಾಯ್ಡ್ ಇದ್ದರೆ ಕೌಂಟರಿನಲ್ಲಿ ಯಾರೂ ಏನೂ ಕೇಳುವುದಿಲ್ಲ, ತೋಳು ಮಡಚಿಕೊಂಡು ಕೂತುಬಿಡುತ್ತಾರೆ. ಅದರ ಕೆಳಗೆ 'ಸಿ3, ಸಿ4' ಎಂದಿದ್ದರೆ ಮಾತ್ರ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, "ಇದ್ಯಾವ ಟೆಸ್ಟ್ ರೀ ಅಕ್ಕಾರ, ವಿಟಮಿನ್ ಏನು?" ಎನ್ನುತ್ತಾರೆ. ನಾನು ಬಾಗಲಕೋಟೆಯಲ್ಲಿ ಲ್ಯಾಬ್ ಕೆಲಸ ಮಾಡುವವಳು. ಬಾದಾಮಿ, ಹುನಗುಂದ, ಬೀಳಗಿ ಕಡೆಯಿಂದ ಬಂದವರಿಗೆ ನಿಂತ ನಿಲುವಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ಹಿಂದೆ ಸಾಲು ನಿಂತಿರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇದು ವಿಟಮಿನ್ ಅಲ್ಲ, ರೋಗನಿರೋಧಕ ವ್ಯವಸ್ಥೆಯ ಎರಡು ಪ್ರೋಟೀನುಗಳ ಅಳತೆ.

ಈ ಟೆಸ್ಟ್ ಬರುವುದು ಹೆಚ್ಚಾಗಿ ಮೂರು ಬಗೆಯ ಜನರಿಗೆ. ಮುಖ ಊದಿಕೊಂಡು ಕಪ್ಪುಗೆಂಪು ಮೂತ್ರ ಹೋಗುತ್ತಿರುವ ಮಗುವಿಗೆ. ಕೀಲುನೋವು, ಮುಖದ ಮೇಲೆ ಕೆಂಪು, ಕೂದಲುದುರುವಿಕೆ ಎಂದು ಅಲೆದಾಡುತ್ತಿರುವ ಹರೆಯದ ಹೆಣ್ಣುಮಗಳಿಗೆ. ಮತ್ತೆ ತುಟಿ, ಕಣ್ಣುರೆಪ್ಪೆ, ಕೈ ಪದೇ ಪದೇ ಬಾತುಕೊಳ್ಳುವವರಿಗೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಮರೆಯಬಾರದ ನಾಲ್ಕನೆಯ ಗುಂಪೊಂದಿದೆ, ಅದರ ಮಾತು ಕೊನೆಗೆ.

ಹಂತ 1: ಯಾವುದನ್ನು ಅಳೆಯುತ್ತಿದ್ದಾರೆ ಎಂದು ತಿಳಿದುಕೊಳ್ಳಿ

ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ನಟ್ಟಿತು ಎನ್ನಿ. ಮುಳ್ಳಿನ ಜೊತೆ ಮಣ್ಣು, ಮಣ್ಣಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಆ ಬ್ಯಾಕ್ಟೀರಿಯಾವನ್ನೇ ಗುರಿಯಾಗಿಸಿದ ಪ್ರತಿಕಾಯಗಳನ್ನು (ಆಂಟಿಬಾಡಿ) ದೇಹ ಹೊಸದಾಗಿ ತಯಾರಿಸಲು ಒಂದು ವಾರವಾದರೂ ಬೇಕು. ಬ್ಯಾಕ್ಟೀರಿಯಾ ಅಷ್ಟು ದಿನ ಕಾಯುವುದಿಲ್ಲ, ಅನುಕೂಲ ಸಿಕ್ಕರೆ ಅರ್ಧ ಗಂಟೆಯೊಳಗೇ ಒಂದು ಎರಡಾಗುತ್ತದೆ. ಈ ನಡುವಿನ ಹೊತ್ತನ್ನು ನಿಭಾಯಿಸುವುದು ಹುಟ್ಟಿನಿಂದಲೇ ಬಂದ ರೋಗನಿರೋಧಕ ವ್ಯವಸ್ಥೆ. ಅದರಲ್ಲಿ ಬಿಳಿರಕ್ತಕಣಗಳ ಸುದ್ದಿ ಎಲ್ಲರಿಗೂ ಗೊತ್ತು. ರಕ್ತದ ದ್ರವಭಾಗದಲ್ಲಿ ಕರಗಿಕೊಂಡಿರುವ ಕಾಂಪ್ಲಿಮೆಂಟ್ ಎಂಬ ಪೂರಕ ಪ್ರೋಟೀನುಗಳ ಸುದ್ದಿ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಇವು 30ಕ್ಕೂ ಹೆಚ್ಚು. ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ. ರಕ್ತದಲ್ಲಿ ಸುಮ್ಮನೆ ಸುತ್ತುತ್ತಿರುತ್ತವೆ, ಪ್ರಸಂಗ ಬಂದಾಗ ಒಂದನ್ನೊಂದು ಕತ್ತರಿಸುತ್ತ ಸಾಲಾಗಿ ಎಚ್ಚರಗೊಳ್ಳುತ್ತವೆ.

ಇವುಗಳ ನಡುವೆ ಯಜಮಾನಿಕೆ ಸಿ3ಯದು. ಪ್ರಮಾಣದಲ್ಲೂ ಅದೇ ಹೆಚ್ಚು, ಕೆಲಸದಲ್ಲೂ ಅದೇ ನಡುಗಂಬ. ಸಿ3 ಅಣುವಿನ ಹೊಟ್ಟೆಯೊಳಗೆ ಒಂದು ರಾಸಾಯನಿಕ ಬಂಧ ಅಡಗಿ ಕೂತಿರುತ್ತದೆ. ಅಣು ಕತ್ತರಿಸಿದಾಗ ಸಿ3ಎ ಎಂಬ ಸಣ್ಣ ತುಂಡು ಬೇರೆಯಾಗಿ ತೇಲಿಹೋಗುತ್ತದೆ. ಉಳಿದ ದೊಡ್ಡ ತುಂಡಾದ ಸಿ3ಬಿಯಲ್ಲಿ ಅಡಗಿದ್ದ ಬಂಧ ಹೊರಬೀಳುತ್ತದೆ. ಬಿದ್ದ ಕ್ಷಣದಲ್ಲೇ ಅದು ಪಕ್ಕದ ಮೇಲ್ಮೈಯನ್ನು ಕಚ್ಚಿಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ನೀರಿನೊಂದಿಗೆ ಸೇರಿ ನಿಷ್ಪ್ರಯೋಜಕವಾಗುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಎಲ್ಲಿದೆಯೋ ಅಲ್ಲಷ್ಟೇ ಸಿ3ಬಿ ಅಂಟುತ್ತದೆ, ದೂರ ಹೋಗಿ ಇನ್ನೊಂದು ಅಂಗವನ್ನು ಕೆಡಿಸುವುದು ಅಪರೂಪ. ಇಷ್ಟು ನಾಜೂಕಾದ ಏರ್ಪಾಡು ರಕ್ತದ ಒಂದೊಂದು ಹನಿಯಲ್ಲೂ ಇದೆ ಎಂಬುದು ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ನನಗೆ ಸೋಜಿಗವೇ.

ಸಿ3ಯವರೆಗೆ ಬರಲು ಮೂರು ದಾರಿಗಳಿವೆ. ಪ್ರತಿಕಾಯ ಬ್ಯಾಕ್ಟೀರಿಯಾಕ್ಕೆ ಅಂಟಿದಾಗ ಸಿ1 ಅದನ್ನು ಗುರುತಿಸಿ ಸಿ4 ಮತ್ತು ಸಿ2ಗಳನ್ನು ಕತ್ತರಿಸುವುದು ಒಂದು. ಬ್ಯಾಕ್ಟೀರಿಯಾದ ಹೊರಮೈಯ ಸಕ್ಕರೆಯನ್ನು ಎಂಬಿಎಲ್ ಎಂಬ ಪ್ರೋಟೀನು ಹಿಡಿದು ಅದೇ ಸಿ4, ಸಿ2ಗಳನ್ನು ಎಬ್ಬಿಸುವುದು ಇನ್ನೊಂದು. ಮೂರನೆಯದಕ್ಕೆ ಯಾರೂ ಎಬ್ಬಿಸಬೇಕಿಲ್ಲ. ಸಿ3 ತಾನಾಗಿಯೇ ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತಿರುತ್ತದೆ, ಹತ್ತಿರ ಪರಕೀಯ ಮೇಲ್ಮೈ ಸಿಕ್ಕರೆ ಫ್ಯಾಕ್ಟರ್ ಬಿ, ಫ್ಯಾಕ್ಟರ್ ಡಿ, ಪ್ರೊಪರ್ಡಿನ್ ಸೇರಿಕೊಂಡು ಅದನ್ನು ಹತ್ತಾಗಿ ನೂರಾಗಿ ಹೆಚ್ಚಿಸುತ್ತವೆ. ಮೊದಲೆರಡು ದಾರಿಯಲ್ಲಿ ಸಿ4 ಖರ್ಚಾಗುತ್ತದೆ, ಮೂರನೆಯದರಲ್ಲಿ ಸಿ4ಗೆ ಕೆಲಸವೇ ಇಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದೆ ರಿಪೋರ್ಟ್ ಓದುವಾಗ ಅರ್ಧ ತೊಡಕು ಬಿಡಿಸಿದಂತೆ. (1, 4, 2, 3 ಎಂಬ ಈ ಎಡವಟ್ಟು ಅನುಕ್ರಮಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪತ್ತೆಯಾದ ಅನುಕ್ರಮದಲ್ಲಿ ಸಂಖ್ಯೆ ಕೊಟ್ಟರು, ಕೆಲಸದ ಅನುಕ್ರಮ ಆಮೇಲೆ ಗೊತ್ತಾಯಿತು.)

ಸಿ3ಬಿ ಮೈತುಂಬ ಅಂಟಿದ ಬ್ಯಾಕ್ಟೀರಿಯಾವನ್ನು ಬಿಳಿರಕ್ತಕಣಗಳು ಸುಲಭವಾಗಿ ಹಿಡಿದು ನುಂಗುತ್ತವೆ. ತೇಲಿಹೋದ ಸಿ3ಎ ಹಾಗೂ ಮುಂದೆ ಹೀಗೆಯೇ ಕತ್ತರಿಸಿದ ಸಿ5ರಿಂದ ಬಂದ ಸಿ5ಎ ತುಂಡುಗಳು ರಕ್ತನಾಳವನ್ನು ಸಡಿಲಿಸಿ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಮುಳ್ಳು ನಟ್ಟ ಜಾಗ ಕೆಂಪಾಗಿ ಊದುವುದರಲ್ಲಿ ಇವುಗಳ ಪಾಲೂ ಇದೆ. ಕೊನೆಯಲ್ಲಿ ಸಿ5ಬಿಯಿಂದ ಸಿ9ವರೆಗಿನವು ಒಟ್ಟುಗೂಡಿ ಬ್ಯಾಕ್ಟೀರಿಯಾದ ಪೊರೆಯಲ್ಲಿ ಸುಮಾರು 10 ನ್ಯಾನೊಮೀಟರ್ ಅಗಲದ ರಂಧ್ರ ಕೊರೆಯುತ್ತವೆ. ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಸ್ವಂತ ಜೀವಕೋಶಗಳು ಇದಕ್ಕೆ ಬಲಿಯಾಗದಂತೆ ಫ್ಯಾಕ್ಟರ್ ಎಚ್, ಫ್ಯಾಕ್ಟರ್ ಐ, ಸಿಡಿ55, ಸಿಡಿ59, ಸಿ1 ಇನ್ಹಿಬಿಟರ್ ಮೊದಲಾದವು ತಡೆ ಹಾಕುತ್ತಿರುತ್ತವೆ. ಕಾಯಿಲೆಗಳಲ್ಲಿ ಹಲವು ಈ ತಡೆ ಕೆಟ್ಟಾಗ ಬರುವಂಥವು.

ಇನ್ನು ಮುಖ್ಯ ಮಾತು. ರಿಪೋರ್ಟಿನಲ್ಲಿ ಬರುವ ಸಿ3 ಅಂಕಿ ನಿಮ್ಮ 'ಇಮ್ಯುನಿಟಿ ಪವರ್' ಅಲ್ಲ. ಹಗೇವಿಗೆ ಇಳಿದು ಜೋಳ ಎಷ್ಟಿದೆ ಎಂದು ನೋಡಿದರೆ ಉಳಿದದ್ದು ಕಾಣುತ್ತದೆಯೇ ಹೊರತು, ಈ ಸಲ ಬೆಳೆ ಕಡಿಮೆ ಬಂತೋ, ಮನೆಯಲ್ಲಿ ಮದುವೆ ಆಗಿ ಖರ್ಚು ಜಾಸ್ತಿಯಾಯಿತೋ ಎಂಬುದು ಕಾಣುವುದಿಲ್ಲ. ಸಿ3ಯೂ ಹಾಗೆಯೇ. ಅಂಕಿ ಇಳಿದಿದ್ದರೆ ಯಕೃತ್ತು ಕಡಿಮೆ ತಯಾರಿಸುತ್ತಿರಬಹುದು, ಇಲ್ಲವೇ ಮೈಯೊಳಗೆ ಎಲ್ಲೋ ಜೋರಾಗಿ ಖರ್ಚಾಗುತ್ತಿರಬಹುದು. ನಾವು ಲ್ಯಾಬಿನಲ್ಲಿ ನೋಡುವ ಕಡಿಮೆ ಸಿ3ಗಳಲ್ಲಿ ಹೆಚ್ಚಿನವು ಖರ್ಚಿನ ಪ್ರಕರಣಗಳು.

ಹಂತ 2: ಚೀಟಿಯಲ್ಲಿ ಯಾವ ಹೆಸರಿದೆ, ಸರಿಯಾಗಿ ನೋಡಿ

ಸಿ3, ಸಿ4 ಎರಡೇ ಇದ್ದರೆ ಸುಲಭ. ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಆ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಬೆರೆಸಿ, ಎಷ್ಟು ಮಸುಕಾಯಿತು ಎಂದು ಬೆಳಕು ಹಾಯಿಸಿ ಮಷಿನ್ ಅಳೆಯುತ್ತದೆ. ಮಾದರಿಯನ್ನು ಊರಲ್ಲೇ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ.

'ಸಿಎಚ್50' ಎಂದಿದ್ದರೆ ಕತೆ ಬೇರೆ. ಪ್ರೋಟೀನು ಎಷ್ಟಿದೆ ಎಂಬ ಲೆಕ್ಕ ಇದಲ್ಲ, ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆ. ಮೂಲ ವಿಧಾನದಲ್ಲಿ ಕುರಿಯ ಕೆಂಪು ರಕ್ತಕಣಗಳಿಗೆ ಪ್ರತಿಕಾಯ ಲೇಪಿಸಿ, ಅದಕ್ಕೆ ರೋಗಿಯ ಸೀರಮ್ಮನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಳುಮಾಡಿ ಹಾಕುತ್ತಾರೆ. ಯಾವ ಪ್ರಮಾಣದಲ್ಲಿ ಅರ್ಧದಷ್ಟು ಕಣಗಳು ಒಡೆದವು ಎಂಬುದೇ ಉತ್ತರ, 50 ಬಂದದ್ದು ಅಲ್ಲಿಂದ. ಸಿ1ರಿಂದ ಸಿ8ವರೆಗೆ ಯಾವುದೊಂದು ಇಲ್ಲದಿದ್ದರೂ ಕಣ ಒಡೆಯುವುದಿಲ್ಲ, ಸಿ9 ಇಲ್ಲದಿದ್ದರೆ ಕಡಿಮೆ ಒಡೆಯುತ್ತವೆ. ಸಾಲಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಲು ಇದು ಒಳ್ಳೆಯ ಮೊದಲ ಪರೀಕ್ಷೆ. ಆದರೆ ಮಾದರಿಯನ್ನು ಸರಿಯಾಗಿ ಇಡದಿದ್ದರೆ ಉತ್ತರ ಪೂರ್ತಿ ತಪ್ಪುತ್ತದೆ.

'ಸಿ1 ಇನ್ಹಿಬಿಟರ್' ಎಂದಿದ್ದರೆ ಪ್ರಮಾಣವೋ, ಕಾರ್ಯವೋ, ಎರಡೂ ಬೇಕೋ ಎಂದು ಡಾಕ್ಟರನ್ನೇ ಕೇಳಿ. ಎರಡೂ ಬೇರೆ ಬೇರೆ ಟೆಸ್ಟ್, ದರವೂ ಬೇರೆ. ಒಂದನ್ನು ಮಾಡಿಸಿ ಇನ್ನೊಂದು ಬಿಟ್ಟರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಹಂತ 3: ರಕ್ತ ಕೊಡುವ ದಿನ

"ಹೊಟ್ಟಿ ಖಾಲಿ ಇಟ್ಕೊಂಡ ಬಂದೇವ್ರಿ" ಎಂದು ನಸುಕಿನಲ್ಲೇ ಬಸ್ಸು ಹತ್ತಿ ಬರುವವರಿದ್ದಾರೆ. ಸಿ3, ಸಿ4ಗೆ ಉಪವಾಸ ಬೇಕಿಲ್ಲ. ಹಾಗೆಂದು ಸೀಮಂತದ ಊಟ ಮುಗಿಸಿ, ಗೋದಿಹುಗ್ಗಿಗೆ ತುಪ್ಪ ಸುರಿದುಕೊಂಡು ನೇರ ಬಂದರೆ ಸೀರಮ್ ಕೊಬ್ಬಿನಿಂದ ಮಸಕಾಗಿರುತ್ತದೆ. ಮಸುಕನ್ನೇ ಅಳೆಯುವ ಟೆಸ್ಟಿಗೆ ಅದು ತೊಡಕು. ಎರಡು ಇಡ್ಲಿ, ಒಂದು ಕಪ್ ಚಹಾ ತಗೊಂಡು ಬನ್ನಿ, ಏನೂ ತೊಂದರೆಯಿಲ್ಲ. ಜೊತೆಗೆ ಶುಗರ್ ಅಥವಾ ಕೊಬ್ಬಿನ ಟೆಸ್ಟ್ ಇದ್ದರೆ ಮಾತ್ರ ಅದರ ನಿಯಮ ಪಾಲಿಸಿ. ದಿನನಿತ್ಯದ ಗುಳಿಗೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಯಾವ ಗುಳಿಗೆ ಎಂದು ಬರೆದುಕೊಂಡು ಬನ್ನಿ.

ಪ್ಲೇನ್ ಟ್ಯೂಬಿನಲ್ಲಿ ತೆಗೆದ ರಕ್ತ ಅರ್ಧ ಗಂಟೆ ನಿಲ್ಲಬೇಕು. ಹೆಪ್ಪು ಗಟ್ಟಿ, ಗೋಡೆಯಿಂದ ಬಿಟ್ಟುಕೊಂಡು ಒಳಕ್ಕೆ ಸರಿಯುತ್ತ ಬರುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಮೇಲ್ಭಾಗದಲ್ಲಿ ತಿಳಿ ಹಳದಿ ಸೀರಮ್ ನಿಲ್ಲುತ್ತದೆ. ಅದರಲ್ಲಿ ಗುಲಾಬಿ ಛಾಯೆ ಕಂಡರೆ ರಕ್ತಕಣ ಒಡೆದಿವೆ ಎಂದರ್ಥ. ಸಿಎಚ್50 ಎಣಿಸುವುದೇ ಒಡೆದ ಕಣಗಳನ್ನಾದ್ದರಿಂದ ಅಂಥ ಮಾದರಿ ಕಳಿಸುವುದು ವ್ಯರ್ಥ. ಲ್ಯಾಬಿನವರು "ಇನ್ನೊಮ್ಮೆ ರಕ್ತ ಕೊಡ್ರಿ" ಎಂದರೆ ಸಿಟ್ಟಾಗಬೇಡಿ, ಹಾಗೆ ಹೇಳುವವರೇ ಸರಿಯಾದ ಲ್ಯಾಬಿನವರು.

ಮಾದರಿಗೆ ಬಿಸಿಲು ತಾಗಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1880ರ ದಶಕದ ಕೊನೆಯಲ್ಲಿ ಜರ್ಮನಿಯ ಹಾನ್ಸ್ ಬುಖ್ನರ್, ಸೀರಮ್ಮಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆ, ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ಗುಣ ಹೋಗುತ್ತದೆ ಎಂದು ಕಂಡುಕೊಂಡ. ಕೆಲ ವರ್ಷಗಳ ನಂತರ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಬೆಲ್ಜಿಯಂನ ಜೂಲ್ ಬೋರ್ಡೆ, ಹಾಗೆ ಕಾಯಿಸಿದ ಸೀರಮ್ಮಿಗೆ ತಾಜಾ ಸೀರಮ್ ಸ್ವಲ್ಪ ಸೇರಿಸಿದರೆ ಹೋದ ಶಕ್ತಿ ಮರಳುತ್ತದೆ ಎಂದು ತೋರಿಸಿದ. ಶಾಖ ತಡೆಯುವ ಪ್ರತಿಕಾಯ ಒಂದು, ಶಾಖಕ್ಕೆ ಕೆಡುವ ಪೂರಕ ಪ್ರೋಟೀನು ಇನ್ನೊಂದು, ಎರಡೂ ಕೂಡಿದರೇ ಕೆಲಸ ಎಂದು ಗೊತ್ತಾದದ್ದು ಹೀಗೆ. ಬೋರ್ಡೆಗೆ 1919ರ ನೊಬೆಲ್ ಬಂತು. ಇವತ್ತಿಗೂ ಲ್ಯಾಬುಗಳಲ್ಲಿ ಕಾಂಪ್ಲಿಮೆಂಟನ್ನು ಬೇಕೆಂದೇ ಕೆಡಿಸಬೇಕಾದಾಗ 56 ಡಿಗ್ರಿಯಲ್ಲಿ 30 ನಿಮಿಷ ಇಡುತ್ತಾರೆ.

ಈಗ ವಿಜಯಪುರದ ಮೇ ತಿಂಗಳನ್ನು ನೆನೆಯಿರಿ. ನೆರಳಲ್ಲೇ 40 ದಾಟಿರುತ್ತದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50ರ ಮೇಲೆ ಹೋಗುವುದು ಏನೂ ದೊಡ್ಡ ಮಾತಲ್ಲ. ಸಿಂದಗಿಯಲ್ಲೋ ಇಂಡಿಯಲ್ಲೋ ರಕ್ತ ತೆಗೆಸಿ, ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದರೆ ಬುಖ್ನರನ ಪ್ರಯೋಗವನ್ನು ನೀವೇ ಮಾಡಿದಂತಾಯಿತು. 56 ಮುಟ್ಟಲೇಬೇಕೆಂದೂ ಇಲ್ಲ. ಕೋಣೆಯ ತಾಪದಲ್ಲಿ ಗಂಟೆಗಟ್ಟಲೆ ಬಿಟ್ಟರೂ ಸಿಎಚ್50 ಇಳಿಯುತ್ತ ಹೋಗುತ್ತದೆ. ಸೀರಮ್ ಬೇರ್ಪಟ್ಟ ಕೂಡಲೇ ಮೈನಸ್ 70 ಡಿಗ್ರಿಯಷ್ಟು ತಣ್ಣಗೆ ಹೆಪ್ಪುಗಟ್ಟಿಸಿ, ಡ್ರೈ ಐಸ್‌ನಲ್ಲಿ ಕಳಿಸಬೇಕು. ಮನೆಯ ಫ್ರಿಜ್ಜಿನ ಐಸ್ ಟ್ರೇ ಇದಕ್ಕೆ ಸಾಲದು.

ಹಾಗಾಗಿ ಸಿಎಚ್50, ಸಿ1 ಇನ್ಹಿಬಿಟರ್ ಕಾರ್ಯ ಎಂದೆಲ್ಲ ಬರೆದಿದ್ದರೆ ನನ್ನ ಸಲಹೆ ಒಂದೇ: ಮಾದರಿಯನ್ನು ಪ್ರಯಾಣ ಮಾಡಿಸಬೇಡಿ, ನೀವು ಪ್ರಯಾಣ ಮಾಡಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರರಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹೊರಡುವ ಮುನ್ನ ಅಲ್ಲಿನ ಲ್ಯಾಬಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಈ ಟೆಸ್ಟ್ ಇಲ್ಲೇ ಮಾಡುತ್ತೀರೋ, ಹೊರಗೆ ಕಳಿಸುತ್ತೀರೋ? ಸೀರಮ್ಮನ್ನು ಎಷ್ಟು ಹೊತ್ತಿನೊಳಗೆ ಫ್ರೀಜ್ ಮಾಡುತ್ತೀರಿ? ಯಾವ ವಾರ, ಎಷ್ಟು ಗಂಟೆಯೊಳಗೆ ಬಂದರೆ ಅದೇ ದಿನ ಕಳಿಸುತ್ತೀರಿ? ಶನಿವಾರ ಮಧ್ಯಾಹ್ನ ರಕ್ತ ಕೊಡುವುದನ್ನು ತಪ್ಪಿಸಿ.

ಹಂತ 4: ರಿಪೋರ್ಟ್ ಓದುವುದು

ಮೊದಲು ಅಳತೆಯ ಮಾನ ನೋಡಿ. ಒಂದು ಲ್ಯಾಬಿನವರು ಸಿ3ಯನ್ನು ಡೆಸಿಲೀಟರಿಗೆ 110 ಮಿಲಿಗ್ರಾಂ ಎಂದು ಕೊಡುತ್ತಾರೆ, ಇನ್ನೊಂದರವರು ಲೀಟರಿಗೆ 1.1 ಗ್ರಾಂ ಎಂದು. ಎರಡೂ ಒಂದೇ. ಹೋದ ಸಲ 110 ಇತ್ತು, ಈ ಸಲ 1.1ಕ್ಕೆ ಬಂತು ಎಂದು ಗಾಬರಿಯಾಗಿ ಓಡಿಬಂದ ಮನೆಯವರನ್ನು ಕಂಡಿದ್ದೇನೆ. ಸಿ3 ಸುಮಾರು 90ರಿಂದ 180, ಸಿ4 ಸುಮಾರು 10ರಿಂದ 40 ಮಿಲಿಗ್ರಾಂ ಎಂಬುದು ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಮಿತಿ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ನಿಮ್ಮ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾದ ಮಿತಿಯನ್ನೇ ಹಿಡಿಯಿರಿ.

ಆಮೇಲೆ ಸಿ3, ಸಿ4 ಎರಡನ್ನೂ ಜೊತೆಗಿಟ್ಟು ನೋಡಿ. ಒಂದನ್ನೇ ನೋಡಿದರೆ ಅರ್ಥವಾಗುವುದಿಲ್ಲ.

ಸಿ3 ಕಡಿಮೆ, ಸಿ4 ಸರಿ. ನಮ್ಮ ಕಡೆ ಇದನ್ನು ಹೆಚ್ಚಾಗಿ ಕಾಣುವುದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ. ಗಂಟಲುನೋವು ಬಂದು ಹೋಗಿ ಒಂದೆರಡು ವಾರಕ್ಕೆ, ಅಥವಾ ಕಾಲ ಮೇಲೆ ಕೀವುಗುಳ್ಳೆ ಎದ್ದು ಒಣಗಿ ಮೂರರಿಂದ ಆರು ವಾರಕ್ಕೆ, ಮಗು ಬೆಳಿಗ್ಗೆ ಏಳುವಾಗ ಕಣ್ಣ ಸುತ್ತ ಊದಿರುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬಿಪಿ ಏರುತ್ತದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಹೋದರೂ ಅದರ ಸುತ್ತ ಕಟ್ಟಿಕೊಂಡ ಪ್ರತಿಕಾಯದ ಗಂಟುಗಳು ಮೂತ್ರಪಿಂಡದ ಜರಡಿಯಲ್ಲಿ ಸಿಕ್ಕಿಕೊಂಡು, ಅಲ್ಲಿ ಮೂರನೆಯ ದಾರಿಯಲ್ಲಿ ಸಿ3 ಖರ್ಚಾಗುತ್ತದೆ. ಸಿ4 ಬಹುತೇಕ ಹಾಗೇ ಉಳಿಯುತ್ತದೆ. ಜೊತೆಗೆ ಸ್ಟ್ರೆಪ್ಟೊಕಾಕಸ್ ವಿರುದ್ಧದ ಪ್ರತಿಕಾಯ ಅಳೆಯುವ ಎಎಸ್ಒ ಟೆಸ್ಟ್ ಬರೆದಿರುತ್ತಾರೆ. ಗಂಟಲಿನ ಸೋಂಕಿನ ನಂತರ ಅದು ಏರುತ್ತದೆ, ಚರ್ಮದ ಗುಳ್ಳೆಯ ನಂತರ ಅಷ್ಟಾಗಿ ಏರುವುದಿಲ್ಲ. ಎಎಸ್ಒ ಸರಿಯಿದೆ ಎಂದು ಸಮಾಧಾನ ಪಡಬೇಡಿ, ಹಿಂದಿನ ತಿಂಗಳು ಕಾಲಿಗೆ ಗುಳ್ಳೆ ಆಗಿತ್ತು ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ತಾಯಂದಿರು ಇದನ್ನು ಹೇಳುವುದೇ ಇಲ್ಲ, "ಅದು ಮಳಿಗಾಲದ ಕಜ್ಜಿ ರೀ, ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎನ್ನುತ್ತಾರೆ. ಸಂಬಂಧ ಅದೇ.

ಈ ಮಕ್ಕಳಲ್ಲಿ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಆದರೆ ತಲೆನೋವು, ವಾಂತಿ, ಫಿಟ್ಸ್, ಉಸಿರುಗಟ್ಟುವಿಕೆ, ಮೂತ್ರ ತೀರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಡಾಕ್ಟರು ಹೇಳುವವರೆಗೆ ಬಂದ್.

ಎರಡೂ ಕಡಿಮೆ. ಮೊದಲ ದಾರಿಯಲ್ಲಿ ಖರ್ಚಾಗುತ್ತಿದೆ. ಲೂಪಸ್ ಅಂದರೆ ಎಸ್ಎಲ್ಇ ಇದರಲ್ಲಿ ಮುಖ್ಯ. ದೇಹ ತನ್ನದೇ ಡಿಎನ್ಎ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ, ಆ ಪ್ರತಿಕಾಯದ ಗಂಟುಗಳು ಸಿ1ನ್ನು ಎಬ್ಬಿಸಿ ಸಿ4, ಸಿ3 ಎರಡನ್ನೂ ನುಂಗುತ್ತವೆ. ಎಎನ್ಎ, ಡಿಎಸ್ ಡಿಎನ್ಎ (ಇಂಥ ಪ್ರತಿಕಾಯಗಳ ಟೆಸ್ಟುಗಳು), ಮೂತ್ರದ ಪ್ರೋಟೀನು ಇಷ್ಟನ್ನೂ ಒಟ್ಟಿಗೆ ನೋಡಿಯೇ ಕೀಲುವಾತದ ತಜ್ಞರು (ರುಮಟಾಲಜಿಸ್ಟ್) ತೀರ್ಮಾನಿಸುತ್ತಾರೆ. ಯಕೃತ್ತು ತೀರ ಸೊರಗಿದವರಲ್ಲೂ ಎರಡೂ ಕಡಿಮೆ ಬರುತ್ತದೆ, ಅಲ್ಲಿ ತಯಾರಿಕೆಯೇ ಕಡಿಮೆ. ಗರ್ಭಿಣಿಯರಲ್ಲಿ ಸಿ3, ಸಿ4 ಸಹಜವಾಗಿ ಏರುತ್ತವೆ, ಲೂಪಸ್ ಇರುವ ಗರ್ಭಿಣಿಯ ಅಂಕಿ 'ನಾರ್ಮಲ್' ಇದ್ದರೂ ಡಾಕ್ಟರು ಎಚ್ಚರಿಕೆಯಿಂದಿರುತ್ತಾರೆ. "ನಾರ್ಮಲ್ ಬಂದದ ಅಲ್ರಿ, ಮತ್ಯಾಕ ದವಾಖಾನಿ?" ಎನ್ನಬೇಡಿ.

ಸಿ4 ಮಾತ್ರ ಕಡಿಮೆ, ಸಿ3 ಸರಿ. ತುಟಿ, ಮುಖ, ಕೈ ಬಾತುಕೊಳ್ಳುವ ಕತೆ ಜೊತೆಗಿದ್ದರೆ ಇದು ಅನುವಂಶಿಕ ಆಂಜಿಯೊಎಡಿಮಾ ಇರಬಹುದು. ಇಲ್ಲಿ ಕೊರತೆ ಸಿ1 ಇನ್ಹಿಬಿಟರ್ ಎಂಬ ತಡೆಗಾರನದು. ಊತದಲ್ಲಿ ತುರಿಕೆಯಾಗಲಿ ದದ್ದಾಗಲಿ ಇರುವುದಿಲ್ಲ, ಎರಡು ಮೂರು ದಿನ ಇದ್ದು ತಾನೇ ಇಳಿಯುತ್ತದೆ. ಕೆಲವರಿಗೆ ಊತ ಕರುಳಿನಲ್ಲಾಗಿ, ಹೊಟ್ಟೆನೋವಿಗೆ ಅಪೆಂಡಿಕ್ಸ್ ಎಂದು ಆಪರೇಷನ್ ಆಗಿಬಿಟ್ಟಿರುತ್ತದೆ. ಹೆಚ್ಚಿನವರಲ್ಲಿ ಸಿ1 ಇನ್ಹಿಬಿಟರ್ ಪ್ರಮಾಣವೇ ಕಡಿಮೆ ಇರುತ್ತದೆ. ಸುಮಾರು 15 ಪ್ರತಿಶತ ಮಂದಿಯಲ್ಲಿ ಪ್ರಮಾಣ ಸರಿಯಿದ್ದು ಕೆಲಸ ಮಾತ್ರ ಕೆಟ್ಟಿರುತ್ತದೆ. ಪ್ರಮಾಣ ಒಂದನ್ನೇ ಮಾಡಿಸಿದರೆ ಇವರೆಲ್ಲ 'ನಾರ್ಮಲ್' ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ಇನ್ನು ಯಾವ ತೊಂದರೆಯೂ ಇಲ್ಲದವರಲ್ಲಿ ಸಿ4 ಸ್ವಲ್ಪ ಕಡಿಮೆ ಬಂದರೆ ಹೌಹಾರಬೇಕಿಲ್ಲ. ಸಿ4 ವಂಶವಾಹಿಯ ಪ್ರತಿಗಳ ಸಂಖ್ಯೆಯೇ ಮನುಷ್ಯರಿಂದ ಮನುಷ್ಯರಿಗೆ ಬೇರೆ, ಕೆಲವರದು ಹುಟ್ಟಾ ಕೆಳಮಟ್ಟ.

ಎರಡೂ ಜಾಸ್ತಿ. ಉರಿಯೂತ, ಸೋಂಕು ಇದ್ದಾಗ ಯಕೃತ್ತು ಇವುಗಳನ್ನು ಹೆಚ್ಚು ತಯಾರಿಸುತ್ತದೆ. "ಸಿ3 ಜಾಸ್ತಿ ಐತಿ, ಇಮ್ಯುನಿಟಿ ಭಾರಿ ಐತಿ" ಎಂದು ಸಿಹಿ ಹಂಚುವಂಥದ್ದೇನೂ ಇಲ್ಲ.

ಸಿ3, ಸಿ4 ಸರಿ, ಸಿಎಚ್50 ಮಾತ್ರ ತೀರ ಕಡಿಮೆ. ಮೊದಲ ಅನುಮಾನ ರೋಗಿಯ ಮೇಲಲ್ಲ, ಮಾದರಿಯ ಮೇಲೆ. ತಾಜಾ ಮಾದರಿಯಿಂದ ಇನ್ನೊಮ್ಮೆ ಮಾಡಿಸಿ. ಎರಡನೆಯ ಸಲವೂ ಸೊನ್ನೆಯ ಹತ್ತಿರ ಬಂದರೆ ಆಗ ಸಾಲಿನಲ್ಲಿ ಒಂದು ಪ್ರೋಟೀನು ಹುಟ್ಟಿನಿಂದಲೇ ಇಲ್ಲದಿರಬಹುದು.

ಒಂದು ಉಪಕತೆ: ನಾಗರಹಾವಿನ ವಿಷದಲ್ಲಿ ನಮ್ಮ ಸಿ3ಬಿಯನ್ನೇ ಹೋಲುವ ಪ್ರೋಟೀನೊಂದಿದೆ. ನಮ್ಮ ದೇಹದ ತಡೆಗಾರರಿಗೆ ಅದು ಬಗ್ಗುವುದಿಲ್ಲವಾದ್ದರಿಂದ ಸಿ3 ಬರಿದಾಗುವವರೆಗೆ ಖರ್ಚು ಮಾಡಿಸುತ್ತಲೇ ಇರುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಕಾಂಪ್ಲಿಮೆಂಟ್ ಇಲ್ಲದಂತೆ ಮಾಡಲು ವಿಜ್ಞಾನಿಗಳು ಇದನ್ನೇ ಬಳಸುತ್ತ ಬಂದಿದ್ದಾರೆ.

ಹಂತ 5: ಮತ್ತೆ ಯಾವಾಗ ಮಾಡಿಸಬೇಕು

ಮೂತ್ರಪಿಂಡದ ಊತದ ಮಗುವಿಗೆ ಸಿ3 ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಮೊದಲಿನಂತಾಗುತ್ತದೆ. ವಾರಕ್ಕೊಮ್ಮೆ ಮಾಡಿಸಿ ದುಡ್ಡು ಕಳೆಯಬೇಡಿ, ಎಂಟು ವಾರಕ್ಕೆ ತಪ್ಪಿಸಲೂ ಬೇಡಿ. ಮಗು ಆಡಿಕೊಂಡಿದೆ, ಊತ ಇಳಿದಿದೆ ಎಂದು ಎರಡನೆಯ ಟೆಸ್ಟಿಗೆ ಬಾರದವರೇ ಹೆಚ್ಚು. ಮೂರು ತಿಂಗಳಾದರೂ ಸಿ3 ಏರಲಿಲ್ಲವೆಂದರೆ ಅದು ಬೇರೆ ಕಾಯಿಲೆ, ಮೂತ್ರಪಿಂಡದ ಜರಡಿಯಲ್ಲಿ ಸಿ3 ಕೂರುವ ಸಿ3 ಗ್ಲೊಮೆರುಲೊಪತಿಯಂಥದ್ದು ಇರಬಹುದು. ಮೂತ್ರಪಿಂಡ ತಜ್ಞರು ಬಯಾಪ್ಸಿ ಹೇಳಬಹುದು. ಸಿ3 ಸರಿಯಾದ ಮೇಲೂ ಮೂತ್ರದಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ರಕ್ತಕಣಗಳು ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಹೆದರಬೇಕಿಲ್ಲ.

ಲೂಪಸ್ ಇದ್ದವರು ಒಂದೇ ಲ್ಯಾಬಿನಲ್ಲಿ ಮಾಡಿಸುತ್ತ ಹೋಗಿ, ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ತಾರೀಕಿನ ಜೊತೆ ಬರೆದಿಡಿ. ಒಂದು ದಿನದ 78ಕ್ಕಿಂತ, 105ರಿಂದ 92ಕ್ಕೆ, 92ರಿಂದ 78ಕ್ಕೆ ಇಳಿಯುತ್ತ ಬಂತು ಎಂಬುದು ಡಾಕ್ಟರಿಗೆ ಹೆಚ್ಚು ಹೇಳುತ್ತದೆ.

ಹಂತ 6: ಇವುಗಳನ್ನು ಮಾಡಬೇಡಿ

ಸಿ3 ಏರಿಸುವ ಕಷಾಯ, ಪೌಡರ್, ಟಾನಿಕ್ ಎಂದು ಯಾವುದೂ ಇಲ್ಲ. ಖರ್ಚು ನಿಲ್ಲಿಸದೆ ಅಂಕಿ ಏರುವುದಿಲ್ಲ. ಖರ್ಚು ನಿಲ್ಲಿಸುವುದೆಂದರೆ ಮೂಲ ಕಾಯಿಲೆಗೆ ಚಿಕಿತ್ಸೆ. ಸಂತೆಯಲ್ಲೂ ವಾಟ್ಸಾಪಿನಲ್ಲೂ ಮಾರುವ ಇಮ್ಯುನಿಟಿ ಡಬ್ಬಿಗಳಿಗೆ ಹಾಕುವ ದುಡ್ಡಿನಲ್ಲಿ ಎಂಟು ವಾರದ ಟೆಸ್ಟ್ ಮಾಡಿಸಿ. ಲೂಪಸ್ಸಿನ ಹೈಡ್ರಾಕ್ಸಿಕ್ಲೋರೊಕ್ವಿನ್, ಸ್ಟಿರಾಯ್ಡ್ ಗುಳಿಗೆಗಳನ್ನು "ಅರಾಮ್ ಅನಸ್ತದ" ಎಂದು ನಿಲ್ಲಿಸಬೇಡಿ.

ಆಂಜಿಯೊಎಡಿಮಾ ಪತ್ತೆಯಾದವರು ಬಿಪಿಯ ಗುಳಿಗೆಗಳಲ್ಲಿ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನವನ್ನು ನುಂಗಬಾರದು. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಗುಳಿಗೆಯೂ ಬೇಡ. ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸದೆ ಹಳೆ ಸ್ಟ್ರಿಪ್ ತೋರಿಸಿ ಗುಳಿಗೆ ತರುವ ರೂಢಿ ಇವರಿಗೆ ಅಪಾಯ.

ಹಂತ 7: ಕೊರತೆ ನಿಜವೆಂದು ಖಚಿತವಾದರೆ

ಮೊದಲಿಗೆ ಹೇಳಿದ ನಾಲ್ಕನೆಯ ಗುಂಪು ಇದು. ಸಿ5ರಿಂದ ಸಿ9ರಲ್ಲಿ ಒಂದು ಇಲ್ಲದವರಿಗೆ ರಂಧ್ರ ಕೊರೆಯುವ ಕೆಲಸ ನಡೆಯುವುದಿಲ್ಲ. ಉಳಿದ ಬ್ಯಾಕ್ಟೀರಿಯಾಗಳನ್ನು ದೇಹ ಬೇರೆ ರೀತಿಯಲ್ಲಿ ನಿಭಾಯಿಸಿಕೊಳ್ಳುತ್ತದೆ, ಮುಖ್ಯವಾಗಿ ಮಿದುಳುಪೊರೆಯ ಸೋಂಕು ತರುವ ಮೆನಿಂಗೊಕಾಕಸ್ಸನ್ನು ತಡೆಯಲಾಗುವುದಿಲ್ಲ. ಮಿದುಳುಪೊರೆಯ ಸೋಂಕು ಒಂದೇ ವ್ಯಕ್ತಿಗೆ ಎರಡು ಸಲ ಬಂದರೆ, ಅಥವಾ ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಸಿಎಚ್50 ಮಾಡಿಸಲು ನೀವೇ ಕೇಳಿ. ಸಿ3ಯೇ ಇಲ್ಲದವರಿಗೆ ಚಿಕ್ಕಂದಿನಿಂದ ನ್ಯುಮೋನಿಯಾ, ಕಿವಿ ಸೋರುವುದು, ಕೀವಿನ ಸೋಂಕುಗಳು ಮರುಕಳಿಸುತ್ತವೆ. ಸಿ1ರ ಒಂದು ಭಾಗವಾದ ಸಿ1ಕ್ಯೂ ಇಲ್ಲದವರಲ್ಲಿ ಹೆಚ್ಚಿನವರಿಗೆ ಲೂಪಸ್ ಬರುತ್ತದೆ.

ಇವುಗಳಲ್ಲಿ ಬಹುತೇಕ ಕೊರತೆಗಳು ತಂದೆತಾಯಿ ಇಬ್ಬರಿಂದಲೂ ವಂಶವಾಹಿಯ ಕೆಟ್ಟ ಪ್ರತಿ ಬಂದಾಗ ಮಾತ್ರ ತೋರುತ್ತವೆ. ನಮ್ಮಲ್ಲಿ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ಇನ್ನೂ ಇದೆ, ಅಂಥ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಡಾಕ್ಟರು "ಬಳಗದಾಗ ಮದುವಿ ಆಗೀರೇನು?" ಎಂದು ಕೇಳಿದರೆ ನಾಚಿಕೆಯಿಂದ ಇಲ್ಲ ಎನ್ನಬೇಡಿ. ಅವರು ತಪ್ಪು ಹುಡುಕುತ್ತಿಲ್ಲ, ಯಾವ ಟೆಸ್ಟ್ ಬರೆಯಬೇಕೆಂದು ಯೋಚಿಸುತ್ತಿದ್ದಾರೆ.

ಮೆನಿಂಗೊಕಾಕಸ್, ನ್ಯುಮೊಕಾಕಸ್, ಹಿಬ್ ಲಸಿಕೆಗಳನ್ನು ಡಾಕ್ಟರ ಸಲಹೆಯಂತೆ ಹಾಕಿಸಿ, ಮುಂದಿನ ಡೋಸಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಂಪು ರಕ್ತಕಣಗಳನ್ನು ಕಾಂಪ್ಲಿಮೆಂಟೇ ಒಡೆಯುವ ಪಿಎನ್ಎಚ್‌ನಂಥ ಕಾಯಿಲೆಗೆ ಸಿ5 ತಡೆಯುವ ಎಕುಲಿಜುಮ್ಯಾಬ್ ಎಂಬ ಔಷಧಿ ಪಡೆಯುವವರಿಗೂ ಇದೇ ಅಪಾಯವಿರುವುದರಿಂದ ಸಾಧ್ಯವಾದಷ್ಟು ಎರಡು ವಾರ ಮೊದಲೇ ಮೆನಿಂಗೊಕಾಕಸ್ ಲಸಿಕೆ ಹಾಕುತ್ತಾರೆ. ಇವರೆಲ್ಲರ ಜೇಬಿನಲ್ಲಿ 'ನನಗೆ ಕಾಂಪ್ಲಿಮೆಂಟ್ ಕೊರತೆಯಿದೆ' ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದ ಚೀಟಿ ಇರಲಿ. ಬೆಳಗಾವಿ ಗಡಿಯವರು ಕೊಲ್ಲಾಪುರ, ಮೀರಜ್ ಕಡೆ ಹೋಗುತ್ತಿದ್ದರೆ ಮರಾಠಿಯಲ್ಲೂ ಒಂದು ಸಾಲು ಬರೆಸಿಕೊಳ್ಳಿ. ಜ್ವರದ ಜೊತೆ ಕುತ್ತಿಗೆ ಬಿಗಿತ, ವಿಪರೀತ ತಲೆನೋವು, ಬೆರಳಿನಿಂದ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆ ಕಂಡರೆ ಗಂಟೆಗಳ ಲೆಕ್ಕ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಆಂಜಿಯೊಎಡಿಮಾದವರಿಗೆ ಗಂಟಲು ಊದುವುದೇ ಜೀವಕ್ಕೆ ಅಪಾಯ. ಧ್ವನಿ ಬದಲಾಯಿತು, ಎಂಜಲು ನುಂಗಲು ಕಷ್ಟ ಎಂದ ಕೂಡಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಅಲರ್ಜಿಯ ಇಂಜೆಕ್ಷನ್, ಸ್ಟಿರಾಯ್ಡ್, ಅಡ್ರಿನಲಿನ್ ಈ ಊತಕ್ಕೆ ಮದ್ದಲ್ಲ, ಅವುಗಳನ್ನು ಕೊಡಿಸಿಕೊಂಡು ಊರಲ್ಲೇ ಕಾಯುತ್ತ ಕೂತರೆ ಹೊತ್ತು ಕೈಮೀರುತ್ತದೆ. ಈ ಊತಕ್ಕೆ ಕೊಡುವ ಸಿ1 ಇನ್ಹಿಬಿಟರ್ ಅಥವಾ ಇಕಾಟಿಬ್ಯಾಂಟ್ ಇಂಜೆಕ್ಷನ್ ಸಿಗದ ಕಡೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ (ದಾನಿಗಳ ರಕ್ತದ ಹೆಪ್ಪುಗಟ್ಟಿಸಿಟ್ಟ ದ್ರವಭಾಗ) ಕೊಡುವುದುಂಟು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಎಂದು ಅರಾಮಿದ್ದಾಗಲೇ ಕೇಳಿಟ್ಟುಕೊಳ್ಳಿ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಹೇಳಿ, ಆ ಗಾಯವೇ ಊತಕ್ಕೆ ನೆಪವಾಗಬಹುದು.

ಈ ಕಾಯಿಲೆಗೆ ಕೆಟ್ಟ ವಂಶವಾಹಿ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರ ಸಿ4 ಮತ್ತು ಸಿ1 ಇನ್ಹಿಬಿಟರ್ ನೋಡಿಸಿ, ಒಬ್ಬರಿಗೂ ಊತ ಬಂದಿರದಿದ್ದರೂ ಸರಿ. ಹಸುಗೂಸಿನಲ್ಲಿ ಸಿ4 ಸಹಜವಾಗಿಯೇ ಕಡಿಮೆ ಇರುವುದರಿಂದ ಅಂಕಿಯನ್ನು ನಂಬುವಂತಿಲ್ಲ, ಮಗುವಿಗೆ ವರ್ಷ ತುಂಬಿದ ಮೇಲೆ ಕರೆತನ್ನಿ.